ಊದಿದ ಕಾಲಿಗೆ ಎಣ್ಣೆ ತಿಕ್ಕುವ ಮುನ್ನ

ಮನೋವ್ಯಾಧಿಗೆ ಔಷಧ ಸೇವಿಸುತ್ತಿರುವವರ ಒಂದು ಕಾಲು ಇದ್ದಕ್ಕಿದ್ದಂತೆ ಊದಿಕೊಂಡರೆ ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಎಣ್ಣೆ, ಕಷಾಯ, ಲೇಹ್ಯಗಳ ನಡುವೆಯೇ ಆಯುಷ್ಯದ ಬಹುಪಾಲನ್ನು ಕಳೆದ ನಮ್ಮಂಥ ಆಯುರ್ವೇದ ವೈದ್ಯರು ಈ ಮಾತನ್ನು ಹೇಳುವುದು ಕೆಲವು ಸದ್ಭಕ್ತರಿಗೆ ಸೋಜಿಗವೆನಿಸಬಹುದು. ಆದರೆ ಎಣ್ಣೆಯ ಗುಣವನ್ನು ಬಲ್ಲವರೇ ಅದು ಎಲ್ಲಿ ಸಲ್ಲದು ಎಂಬುದನ್ನೂ ಹೇಳಬೇಕಾಗುತ್ತದೆ. ಹಾಗೆ ಊದಿದ ಕಾಲಿನ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಉಂಟು. ಆ ಹೆಪ್ಪು ಸಡಿಲಗೊಂಡು ಶ್ವಾಸಕೋಶಕ್ಕೆ ಸಾಗಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಈ ವಿಷಯ ನಮ್ಮ ಭಾಗದ ಮನೆಗಳಿಗೆ ಇನ್ನೂ ತಲುಪಿಲ್ಲವೆಂದು ನಮಗೆ ತೋರಿರುವುದರಿಂದ ಈ ತಿಂಗಳ ಆರೋಗ್ಯ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಚುಂಚನಕಟ್ಟೆಯ ಸುತ್ತಿನ ಊರುಗಳಲ್ಲಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಇಂಥ ಔಷಧ ಸೇವಿಸುವವರು ಇಲ್ಲದ ಬೀದಿ ಅಪರೂಪ. ಮನೆಯವರು ಆ ಮಾತ್ರೆಯನ್ನು ಅದರ ಹೆಸರಿನಿಂದ ಕರೆಯುವುದಿಲ್ಲ. 'ನರದ ಮಾತ್ರೆ' ಎನ್ನುತ್ತಾರೆ, ಇಲ್ಲವೆ 'ನಿದ್ದೆ ಮಾತ್ರೆ' ಎನ್ನುತ್ತಾರೆ. ಲೋಕಕ್ಕೆ ಅಂಜಿ ಹಾಗೆ ಹೇಳುವುದನ್ನು ನಾವು ಬಲ್ಲೆವು. ಅವುಗಳಲ್ಲಿ ಹೆಚ್ಚಿನವು ಆ್ಯಂಟಿಸೈಕೋಟಿಕ್ ಎಂಬ ವರ್ಗಕ್ಕೆ ಸೇರಿದವು: ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಪಿನ್, ಹಾಲೊಪೆರಿಡಾಲ್, ಕ್ಲೋಜಪಿನ್ ಮುಂತಾದವು. ಕೆಲವರಿಗೆ ತಿಂಗಳಿಗೊಮ್ಮೆ ಚುಚ್ಚುಮದ್ದಿನ ರೂಪದಲ್ಲಿಯೂ ಇದನ್ನು ಕೊಡುತ್ತಾರೆ. ಇಲ್ಲದ ಧ್ವನಿಗಳು ಕೇಳಿಸುವುದು, ಯಾರೋ ಕೊಲ್ಲಲು ಸಂಚು ಹೂಡಿದ್ದಾರೆಂದು ನಂಬುವುದು, ಅತಿಯಾದ ಉದ್ರೇಕ ಇವುಗಳಿಗೆ ಈ ಔಷಧಗಳು.

ಇವುಗಳ ಬಗ್ಗೆ ನಮಗೆ ಗೌರವವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜಿನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡುವವರೆಗೆ ಜಗತ್ತಿನ ಎಲ್ಲೆಡೆ ಇಂಥ ರೋಗಿಗಳ ಪಾಲಿಗೆ ಹೆಚ್ಚಾಗಿ ಇದ್ದದ್ದು ಬೀಗ ಮತ್ತು ಗೋಡೆ. ಇದಕ್ಕೂ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರು ನಮ್ಮ ಸರ್ಪಗಂಧದ ಬೇರು ಉನ್ಮಾದದಲ್ಲಿಯೂ ಏರಿದ ರಕ್ತದೊತ್ತಡದಲ್ಲಿಯೂ ಉಪಯುಕ್ತವೆಂದು ಪ್ರಕಟಿಸಿದ್ದರು. ಆ ಬೇರಿನಿಂದ ಬೇರ್ಪಡಿಸಿದ ರೆಸರ್ಪಿನ್ ಒಂದು ಕಾಲಕ್ಕೆ ಪಾಶ್ಚಾತ್ಯ ಮನೋರೋಗ ಆಸ್ಪತ್ರೆಗಳಲ್ಲಿ ಹೇರಳವಾಗಿ ಬಳಕೆಯಾಯಿತು. ಆದುದರಿಂದ 'ಅದು ಇಂಗ್ಲಿಷ್ ಔಷಧ, ಇದು ನಮ್ಮದು' ಎಂಬ ಗೋಡೆ ಈ ವಿಷಯದಲ್ಲಿ ಅಷ್ಟು ಗಟ್ಟಿಯಾದುದೇನಲ್ಲ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿತು. ಇಂದು ತಾಲ್ಲೂಕು ಆಸ್ಪತ್ರೆಗಳ 'ಮನೋಚೈತನ್ಯ' ಚಿಕಿತ್ಸಾ ದಿನದಂದು ಮನೋವೈದ್ಯರೇ ಬರುತ್ತಾರೆ. ಮಾತ್ರೆ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿಗೆ ಹೋಗಲು ಜಮೀನು ಅಡವಿಟ್ಟ ಕುಟುಂಬಗಳನ್ನು ಕಂಡಿರುವ ನಮಗೆ ಇದು ಸಣ್ಣ ಸಂಗತಿಯೆನಿಸುವುದಿಲ್ಲ.

ಇನ್ನು ಹೆಪ್ಪಿನ ವಿಚಾರ. ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಹದವಾಗಿ ಬೆಚ್ಚಗಿರಬೇಕು, ಹೆಪ್ಪು ಬೀಳಬೇಕು, ಆಮೇಲೆ ಪಾತ್ರೆಯನ್ನು ಯಾರೂ ಅಲುಗಿಸಬಾರದು. ಅಲುಗಾಡುತ್ತಿದ್ದರೆ ಮೊಸರು ಕೂಡುವುದಿಲ್ಲ. ಕಾಲಿನ ರಕ್ತವೂ ಕೊಂಚ ಹಾಗೆಯೇ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೊ 19ನೆಯ ಶತಮಾನದ ನಡುವಿನಲ್ಲಿ ಈ ವಿಷಯವನ್ನು ಆಳವಾಗಿ ಅಧ್ಯಯನ ಮಾಡಿದನು. ಅವನ ಹೆಸರಿನಲ್ಲಿ ಇಂದಿಗೂ ವೈದ್ಯವಿದ್ಯಾರ್ಥಿಗಳು ಮೂರು ಕಾರಣಗಳನ್ನು ಕಲಿಯುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಸುಲಭವಾಗಿ ಹೆಪ್ಪುಗಟ್ಟುವ ಸ್ವಭಾವ ತಾಳುವುದು. ಕಾಲಿನಿಂದ ಹೃದಯದ ಕಡೆಗೆ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಹಿಂಡಿ ಮೇಲಕ್ಕೆ ನೂಕಬೇಕು. ನಡೆಯುವಾಗ ಈ ಕೆಲಸ ತಾನಾಗಿ ಆಗುತ್ತದೆ. ದಿನಗಟ್ಟಲೆ ಮಲಗಿದವರಲ್ಲಿ, ಕದಲದೆ ಕುಳಿತವರಲ್ಲಿ ಆಗುವುದಿಲ್ಲ.

ಮನೋರೋಗದ ಔಷಧಕ್ಕೂ ಇದಕ್ಕೂ ಏನು ನಂಟು? ಹಲವು ಎಳೆಗಳು ಇಲ್ಲಿ ಹೆಣೆದುಕೊಂಡಿವೆ. ಈ ಔಷಧಗಳಲ್ಲಿ ಬಹಳಷ್ಟು ಜಡತೆಯನ್ನೂ ನಿದ್ರೆಯನ್ನೂ ತರುತ್ತವೆ. ಒಲಾಂಜಪಿನ್, ಕ್ಲೋಜಪಿನ್‌ಗಳಲ್ಲಿ ಮೈತೂಕ ಬೇಗ ಏರುತ್ತದೆ. ಕೆಲವು ಔಷಧಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಇದರಿಂದ ಹೆಚ್ಚಬಹುದೆಂದು ಸಂಶೋಧಕರು ಭಾವಿಸುತ್ತಾರೆ. ರೋಗವೂ ತನ್ನ ಪಾಲು ಸೇರಿಸುತ್ತದೆ: ರೋಗಿ ನೀರು ಕುಡಿಯುವುದನ್ನು ಮರೆಯುತ್ತಾನೆ, ಮೂಲೆ ಹಿಡಿಯುತ್ತಾನೆ, ಒಂದರ ಹಿಂದೆ ಒಂದು ಬೀಡಿ ಸೇದುತ್ತಾನೆ. 2010ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆ ಬಿಎಂಜೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ರಕ್ತ ಹೆಪ್ಪುಗಟ್ಟಿದ 25 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಇತರರ ದಾಖಲೆಗಳೊಂದಿಗೆ ಹೋಲಿಸಿದ ಆ ಅಧ್ಯಯನದಲ್ಲಿ, ಈ ಔಷಧ ಸೇವಿಸುವವರಿಗೆ ಅಪಾಯ ಶೇ. 32ರಷ್ಟು ಹೆಚ್ಚೆಂದು ಕಂಡುಬಂದಿತು. ಔಷಧ ಆರಂಭಿಸಿ ಮೂರು ತಿಂಗಳು ಕಳೆಯದವರಲ್ಲಿ ಅದು ಸರಿಸುಮಾರು ಎರಡು ಪಟ್ಟು. ಆದ್ದರಿಂದ ಆ ಮೊದಲ ಮೂರು ತಿಂಗಳು ಮನೆಯವರು ಕಾಲಿನ ಮೇಲೆ ಕಣ್ಣಿಟ್ಟಿರಬೇಕು.

ಈ ಅಂಕಿಯನ್ನು ಓದಿ ಗಾಬರಿಯಾಗುವವರಿಗೆ ಅದೇ ಅಧ್ಯಯನದ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಹತ್ತು ಸಾವಿರ ಮಂದಿ ಒಂದು ವರ್ಷ ಈ ಔಷಧ ಸೇವಿಸಿದರೆ ಅದರಿಂದಾಗಿ ಹೆಚ್ಚುವರಿಯಾಗಿ ಹೆಪ್ಪುಗಟ್ಟುವುದು ಸುಮಾರು 4 ಮಂದಿಗೆ. 65 ದಾಟಿದವರಲ್ಲಿ ಇದು 10. ಉಳಿದ ಸಾವಿರಾರು ಮಂದಿಗೆ ಹಾಗಾಗುವುದಿಲ್ಲ. ಔಷಧ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವವಾದರೋ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮರುಕಳಿಸಿದ ಉನ್ಮಾದ ಎಂಥದೆಂಬುದನ್ನು, ನಡುರಾತ್ರಿ ನಾಲೆಯ ಏರಿಯ ಮೇಲೆ ಮಗನನ್ನು ಹುಡುಕಿಕೊಂಡು ಓಡಿದ ತಂದೆತಾಯಿಗಳು ಬಲ್ಲರು. ಈ ಲೇಖನವನ್ನು ಓದಿ ಯಾರಾದರೂ ಮಾತ್ರೆ ಎಸೆದರೆ ಅದು ನಮ್ಮ ಉದ್ದೇಶಕ್ಕೆ ಪೂರ್ತಿ ವಿರುದ್ಧವಾದ ಕೆಲಸ.

ನಮ್ಮ ಚಿಕಿತ್ಸಾಲಯಕ್ಕೆ ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಬಂದರು. "ಡಾಕ್ಟ್ರೇ, ಮಗನ ಕಾಲು ಉಳುಕದೆ, ಒಸಿ ಎಣ್ಣೆ ಕೊಡಿ" ಎಂದರು. ಮಗ ಜೊತೆಯಲ್ಲಿ ಬಂದಿರಲಿಲ್ಲ. ಹೊಗೆಸೊಪ್ಪಿನ ಕಾಲ ಅದು. ಮನೆಯವರೆಲ್ಲ ಹಗಲಿರುಳು ಬ್ಯಾರನ್ ಮುಂದೆ, ಹುಡುಗ ಒಬ್ಬನೇ ಒಳಕೋಣೆಯಲ್ಲಿ. ಎಲ್ಲಿ ಎಡವಿದ, ಎಲ್ಲಿ ಬಿದ್ದ ಎಂದು ಕೇಳಿದೆವು. ಎಲ್ಲೂ ಇಲ್ಲ. ಎರಡು ಕಾಲೋ ಒಂದೋ? ಒಂದು. ಮುಟ್ಟಿದರೆ ಬಿಸಿಯೋ? ಹೌದು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾನೆಯೇ ಎಂದಾಗ ಆ ತಾಯಿ ತಲೆ ತಗ್ಗಿಸಿ ಸೆರಗಿನ ಗಂಟಿನಿಂದ ಒಂದು ಖಾಲಿ ಹಾಳೆ ತೆಗೆದು ತೋರಿಸಿದರು. ಒಲಾಂಜಪಿನ್. ಎರಡು ತಿಂಗಳಿನಿಂದ. ಬಳಿಕ ಅವರೇ ಹೇಳಿದ ಮಾತು ನಮ್ಮನ್ನು ಹೆಚ್ಚು ಕಾಡಿತು. ನಾಲ್ಕು ದಿನಗಳಿಂದ ಹುಡುಗ "ನನ್ನ ಕಾಲಿಗೆ ಹಾವು ಸುತ್ತಿಕೊಂಡದೆ, ಬಿಗೀತಾ ಅದೆ" ಎಂದು ಕೂಗುತ್ತಿದ್ದನಂತೆ. ಮನೆಯವರು ರೋಗ ಮರುಕಳಿಸಿತೆಂದು ಹೆದರಿದರೇ ಹೊರತು ಯಾರೂ ಹೊದಿಕೆ ಸರಿಸಿ ಕಾಲನ್ನು ನೋಡಿರಲಿಲ್ಲ. ಎಣ್ಣೆ ಕೊಡದೆ, ವಾಹನದಲ್ಲಿ ಮಲಗಿಸಿಕೊಂಡು ಆ ದಿನವೇ ಮೈಸೂರಿಗೆ ಕರೆದೊಯ್ಯುವಂತೆ ಹೇಳಿ ಚೀಟಿ ಬರೆದುಕೊಟ್ಟೆವು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಮೀನಖಂಡದಿಂದ ತೊಡೆಯವರೆಗೆ ಹೆಪ್ಪು ಕಂಡಿತು. ಹುಡುಗ ಉಳಿದುಕೊಂಡ.

ಹಾವಿನ ಮಾತು ಹಾವಿನ ಮಟ್ಟಿಗೆ ಸುಳ್ಳು. ಬಿಗಿತ ಮಾತ್ರ ನಿಜವಾಗಿತ್ತು. ಮನೋರೋಗಿ ತನ್ನ ದೇಹದ ನೋವನ್ನು ತನ್ನ ಭಾಷೆಯಲ್ಲಿಯೇ ಹೇಳುತ್ತಾನೆ. ಆ ಭಾಷೆ ನಮಗೆ ವಿಚಿತ್ರವೆನಿಸಿದ ಮಾತ್ರಕ್ಕೆ ನೋವೂ ವಿಚಿತ್ರವಾಗುವುದಿಲ್ಲ. 'ಅವನದು ಯಾವಾಗಲೂ ಇದ್ದದ್ದೇ' ಎಂಬ ಮಾತನ್ನು ಮನೆಯವರು ಮಾತ್ರವಲ್ಲ, ಬಿಳಿಯ ಕೋಟು ತೊಟ್ಟವರೂ ಆಡುವುದನ್ನು ನಾವು ಕೇಳಿದ್ದೇವೆ. ಎದೆ ಹಿಡಿಯುತ್ತಿದೆ ಎಂದವನಿಗೆ, ಉಸಿರು ಸಾಲದು ಎಂದವಳಿಗೆ ಇನ್ನೊಂದು ನಿದ್ದೆಯ ಮಾತ್ರೆ ಕೊಟ್ಟು ಮಲಗಿಸುವುದು ನಡೆದೇ ಇದೆ. ಉಸಿರಾಟದ ತೊಂದರೆಗೆ ಮನಸ್ಸೇ ಕಾರಣವೆಂದು ತೀರ್ಮಾನಿಸುವ ಮುನ್ನ ನಾಡಿ ಹಿಡಿಯಬೇಕು, ಕಾಲು ನೋಡಬೇಕು, ಬೆರಳ ತುದಿಗೆ ಪಲ್ಸ್ ಆಕ್ಸಿಮೀಟರ್ ಹಾಕಬೇಕು. ಇವಿಷ್ಟಕ್ಕೂ ಐದು ನಿಮಿಷ ಸಾಕು. ಮನೋರೋಗಿಗೂ ಒಂದು ದೇಹವಿದೆ ಎಂಬುದನ್ನು ಮರೆಯುವುದು ಹೆಪ್ಪಿಗಿಂತ ದೊಡ್ಡ ಅಪಾಯವೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಇನ್ನು ನಮ್ಮ ವೃತ್ತಿಯವರಿಗೆ ಎರಡು ಮಾತು. ಅಭ್ಯಂಗ ಶ್ರೇಷ್ಠ ಚಿಕಿತ್ಸೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿತ್ಯವೂ ಅಭ್ಯಂಗ ಮಾಡಬೇಕೆಂದ ವಾಗ್ಭಟಾಚಾರ್ಯರೇ ಅಷ್ಟಾಂಗಹೃದಯದ ಅದೇ ಅಧ್ಯಾಯದಲ್ಲಿ ಕಫಪೀಡಿತರಿಗೆ, ಶೋಧನ ಮಾಡಿಸಿಕೊಂಡವರಿಗೆ, ಅಜೀರ್ಣವುಳ್ಳವರಿಗೆ ಅದು ಕೂಡದೆಂದು ವಿಧಿಸಿದ್ದಾರೆ. ಎಣ್ಣೆ ಎಲ್ಲರಿಗೂ ಎಲ್ಲ ಹೊತ್ತಿನಲ್ಲಿಯೂ ಎಂಬುದು ಶಾಸ್ತ್ರದ ಮಾತಲ್ಲ, ಜಾಹೀರಾತಿನ ಮಾತು. ಒಂದೇ ಕಾಲು ಹೊಸದಾಗಿ ಊದಿ ಬಿಸಿಯಾಗಿದ್ದರೆ ವಾತರಕ್ತವೆಂದೋ ಆಮವಾತವೆಂದೋ ಹೆಸರಿಟ್ಟು ತಿಕ್ಕುವುದು, ಬಿಗಿಯಾಗಿ ಪಟ್ಟಿ ಸುತ್ತುವುದು, ಸ್ವೇದನ ಕೊಡುವುದು ಸಲ್ಲದು. ಮೊದಲು ಡಾಪ್ಲರ್ ಪರೀಕ್ಷೆಯಾಗಲಿ. ಹೆಪ್ಪು ಇಲ್ಲವೆಂದು ತಿಳಿದ ಮೇಲೆ ನಮ್ಮ ಎಣ್ಣೆ ಎಲ್ಲಿಗೂ ಓಡಿಹೋಗಿರುವುದಿಲ್ಲ. ಉಳುಕು ತೆಗೆಯುವ ಹಳ್ಳಿಯ ಹಿರಿಯರಲ್ಲಿಯೂ ಇದೇ ವಿನಂತಿ. ಅವರ ಕೈಗುಣವನ್ನು ನಾವು ಲಘುವಾಗಿ ಕಾಣುವವರಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯ ರಕ್ತದ ದೋಷಗಳಿಂದ ಆರಂಭವಾಗಿ ಮದ, ಮೂರ್ಛೆ, ಸಂನ್ಯಾಸಗಳ ವಿವೇಚನೆಯಲ್ಲಿ ಮುಗಿಯುತ್ತದೆ. (ಇಲ್ಲಿ ಸಂನ್ಯಾಸವೆಂದರೆ ಗಾಢವಾದ ಪ್ರಜ್ಞಾಹೀನತೆ. ಮಠದ ಪತ್ರಿಕೆಯಾದ್ದರಿಂದ ಈ ಸ್ಪಷ್ಟನೆ.) ರಕ್ತವನ್ನು ಕೆಡಿಸುವ ಕಾರಣಗಳಲ್ಲಿ ಗುರುವಾದ, ಜಿಡ್ಡಿನ ಆಹಾರವನ್ನು ಉಂಡು ಹಗಲಿನಲ್ಲಿ ಮಲಗುವುದನ್ನೂ ಅಲ್ಲಿ ಹೇಳಲಾಗಿದೆ. ಕಾಲಿನ ಹೆಪ್ಪು ನಮ್ಮ ಪೂರ್ವಿಕರಿಗೆ ಗೊತ್ತಿತ್ತೆಂದು ಇದರಿಂದ ಸಾಧಿಸಲು ನಾವು ಹೊರಟಿಲ್ಲ. ಅಂಥ ಎಳೆದಾಟ ಆಯುರ್ವೇದಕ್ಕೆ ಗೌರವ ತರುವುದಿಲ್ಲ. ರಕ್ತವನ್ನೂ ಪ್ರಜ್ಞೆಯನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ನೋಡಿದ ದೃಷ್ಟಿಯಷ್ಟೇ ನಮಗೆ ಬೇಕಾದುದು. 'ಇಂಗ್ಲಿಷ್ ಮಾತ್ರೆ ಬಿಡಿ, ನಾವು ಮೂರು ತಿಂಗಳಲ್ಲಿ ಗುಣಪಡಿಸುತ್ತೇವೆ' ಎಂದು ಉನ್ಮಾದರೋಗಿಗಳಿಗೆ ಹೇಳುವವರು ನಮ್ಮ ವೃತ್ತಿಯಲ್ಲಿ ಇದ್ದಾರೆ. ಅವರ ಮಾತನ್ನು ಸದ್ಭಕ್ತರು ನಂಬಬಾರದು. ಮನೋವೈದ್ಯರಿಗೆ ತಿಳಿಸದೆ ಆ ಮಾತ್ರೆಗಳ ಮೇಲೆ ಸರ್ಪಗಂಧದ ಪುಡಿಯನ್ನು ಸೇರಿಸುವುದೂ ಸರಿಯಲ್ಲ. ರಕ್ತದೊತ್ತಡ ಕುಸಿದು ರೋಗಿ ಇನ್ನಷ್ಟು ಜಡವಾಗಿ ಬೀಳುತ್ತಾನೆ.

ಬಾಣಂತಿಯರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಹೆರಿಗೆಯ ನಂತರದ ಆರು ವಾರಗಳಲ್ಲಿ ಯಾವ ಔಷಧವೂ ಇಲ್ಲದೆಯೇ ಹೆಂಗಸರ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅತಿಯಾದ ರಕ್ತಸ್ರಾವದಿಂದ ತಾಯಿಯನ್ನು ಕಾಯಲು ಪ್ರಕೃತಿ ಮಾಡಿದ ಏರ್ಪಾಡು ಅದು. ಆ ದಿನಗಳಲ್ಲಿಯೇ ಕೆಲವರಿಗೆ, ನಮ್ಮವರು 'ಬಾಣಂತಿ ಸನ್ನಿ' ಎನ್ನುವ ಚಿತ್ತವಿಕಾರ ಕಾಣಿಸಿಕೊಂಡು ಈ ಔಷಧಗಳನ್ನು ಕೊಡಬೇಕಾಗುತ್ತದೆ. ಮನೆಯಲ್ಲಿ ನಡೆಯುವುದೇನು? ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರನ್ನು ಅಳೆದು ಕೊಡುತ್ತಾರೆ. ಕಂಬಳಿ ಹೊದಿಸಿ ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ. ಹೊಸ್ತಿಲು ದಾಟಗೊಡುವುದಿಲ್ಲ. ಸಿಸೇರಿಯನ್ ಆಗಿದ್ದರೆ ಇದೆಲ್ಲ ಇನ್ನೂ ಹೆಚ್ಚು. ಹೆಪ್ಪಿಗೆ ಬೇಕಾದ ಎಲ್ಲ ಸಾಮಗ್ರಿಯನ್ನೂ ಪ್ರೀತಿಯಿಂದಲೇ ಕೂಡಿಸಿಕೊಟ್ಟಂತಾಗುತ್ತದೆ. ಬಾಣಂತನದ ಕಾಯವೇಳೆ, ಮೆಣಸಿನ ಸಾರು, ಎಣ್ಣೆಸ್ನಾನಗಳಿಗೆ ನಾವು ಅಡ್ಡ ಬರುವುದಿಲ್ಲ. ಆದರೆ ಬಾಯಾರಿಕೆಯಾದಷ್ಟು ಬಿಸಿನೀರು ಕೊಡಿ, ವೈದ್ಯರು ಒಪ್ಪಿದ ದಿನದಿಂದ ಮನೆಯೊಳಗೇ ಹೊತ್ತುಹೊತ್ತಿಗೆ ನಡೆದಾಡಿಸಿ. ಚಿತ್ತವಿಕಾರ ಕಂಡ ಬಾಣಂತಿಯನ್ನು ಗಾಳಿ ಸೋಕಿತೆಂದು ಬೇವಿನ ಸೊಪ್ಪು ಹಿಡಿದು ದಿನ ಕಳೆಯಬೇಡಿ. ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೇ ಇದೆ.

ವೃದ್ಧರ ಮಾತೂ ಇಲ್ಲಿಯೇ ಬರುತ್ತದೆ. ಅರಳುಮರಳಾಗಿ ರಾತ್ರಿಯೆಲ್ಲ ಎದ್ದು ಓಡಾಡುವ, ಕೂಗುವ ಹಿರಿಯರಿಗೆ ಇದೇ ವರ್ಗದ ಮಾತ್ರೆಯನ್ನು ಚಿಕ್ಕ ಪ್ರಮಾಣದಲ್ಲಿ ಕೊಡುವುದುಂಟು. ಕೆಲವು ವಾರಗಳಿಗೆಂದು ಬರೆದುಕೊಟ್ಟ ಮಾತ್ರೆ ಅದೇ ಹಳೆಯ ಚೀಟಿಯ ಮೇಲೆ ಔಷಧದ ಅಂಗಡಿಯಿಂದ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಅಜ್ಜ ಸುಮ್ಮನೆ ಮಲಗಿದ್ದಾರೆಂಬ ಸಮಾಧಾನ ಮನೆಯವರದು. ಇಂಥವರ ಮಾತ್ರೆ ಇನ್ನೂ ಬೇಕೇ ಎಂದು ಮೂರು ತಿಂಗಳಿಗೊಮ್ಮೆಯಾದರೂ ವೈದ್ಯರನ್ನು ಕೇಳಬೇಕು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಾದರೆ ಶಸ್ತ್ರಚಿಕಿತ್ಸಕರಿಗೆ ಈ ಮಾತ್ರೆಯ ಹೆಸರನ್ನು ತಪ್ಪದೆ ತಿಳಿಸಬೇಕು.

ರೋಗಿಯನ್ನು ಕಟ್ಟಿಹಾಕುವ ಪದ್ಧತಿಯನ್ನೂ ಹೇಳದೆ ಬಿಡುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ಒಪ್ಪುವುದಿಲ್ಲ. ಬೆಂಕಿ ಬೀಳದಿದ್ದರೂ, ಮಂಚಕ್ಕೆ ಕೈಕಾಲು ಕಟ್ಟಿ ಮಲಗಿಸಿದವರ ಕಾಲಿನಲ್ಲಿ ರಕ್ತ ನಿಲ್ಲುತ್ತದೆ. ಕದಲದೆ ಮರಗಟ್ಟಿದಂತೆ ದಿನಗಟ್ಟಲೆ ಕುಳಿತುಬಿಡುವ ಕೆಟಟೋನಿಯಾ ಎಂಬ ಸ್ಥಿತಿಯಲ್ಲಿಯೂ ಹೀಗೆಯೇ. ಉದ್ರೇಕ ತಡೆಯಲಾಗದ ಹೊತ್ತಿನಲ್ಲಿ ಹಗ್ಗ ಹುಡುಕುವ ಬದಲು 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ ಅದು. ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಲಕ್ಷಣಗಳನ್ನು ಇನ್ನೊಮ್ಮೆ ಹೇಳುತ್ತೇವೆ. ಒಂದೇ ಕಾಲಿನ ಊತ, ಮೀನಖಂಡದಲ್ಲಿ ಹಿಡಿತ ಅಥವಾ ನೋವು, ಚರ್ಮ ಬಿಸಿಯಾಗಿ ಬಣ್ಣ ಬದಲಾಗುವುದು ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಮೇಲುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಕಂಡರೆ ನಾಳೆ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಬೇಕು. ಚುಂಚನಕಟ್ಟೆಯಿಂದ ಮೈಸೂರು 50 ಕಿಲೋಮೀಟರಿಗೂ ಮಿಗಿಲು. ಹೆಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಂದ ಇನ್ನೂ ದೂರ. ಎಣ್ಣೆ, ಶಾಖ, ದೃಷ್ಟಿ ತೆಗೆಯುವುದು ಎಂದು ಒಂದು ದಿನ ಕಳೆದರೆ ಈ ದೂರ ಇಮ್ಮಡಿಯಾಗುತ್ತದೆ. ಹೋಗುವಾಗ ಮಾತ್ರೆಯ ಖಾಲಿ ಹಾಳೆಯನ್ನು ಜೊತೆಗೆ ಒಯ್ಯಿರಿ. ಅದನ್ನು ಸೆರಗಿನ ಗಂಟಿನಲ್ಲಿ ಮುಚ್ಚಿಡಬೇಕಾಗಿಲ್ಲ.

ತಡೆಯುವ ಮಾರ್ಗ ಕಷ್ಟದ್ದಲ್ಲ. ಜಗಲಿಯ ಮೇಲೆ ದಿನವಿಡೀ ಕುಳಿತವರನ್ನು ಎಬ್ಬಿಸಿ ಕೈಲಾದ ಕಾಯಕಕ್ಕೆ ಹಚ್ಚಬೇಕು: ಹಸುವಿಗೆ ಹುಲ್ಲು ಹಾಕುವುದು, ತೋಟಕ್ಕೆ ನೀರು ಹಾಯಿಸುವುದು, ಮಠಕ್ಕೆ ಬಂದಾಗ ದಾಸೋಹದಲ್ಲಿ ಎಲೆ ಹಾಸುವುದು. ಕೆಲಸ ಎಷ್ಟಾಯಿತೆಂದು ಲೆಕ್ಕ ಹಾಕಬಾರದು, ಕಾಲು ಆಡಿತೇ ಎಂದಷ್ಟೇ ನೋಡಬೇಕು. ನೀರು ಕೇಳದಿದ್ದರೂ ಹೊತ್ತುಹೊತ್ತಿಗೆ ಕೊಡಬೇಕು. ಮಾದಪ್ಪನ ಬೆಟ್ಟಕ್ಕೋ ಸುತ್ತೂರು ಜಾತ್ರೆಗೋ ಕರೆದೊಯ್ಯುವಾಗ ದಾರಿಯಲ್ಲಿ ಇಳಿಸಿ ನಾಲ್ಕು ಹೆಜ್ಜೆ ನಡೆಸಬೇಕು. ನಿರ್ಜಲ ಉಪವಾಸದ ಹರಕೆಯನ್ನು ಇವರ ಹೆಸರಿನಲ್ಲಿ ಇವರಿಂದಲೇ ಮಾಡಿಸಬೇಡಿ. ಬೇಕಾದರೆ ಮನೆಯ ಇನ್ನೊಬ್ಬರು ಮಾಡಲಿ. ಮೈತೂಕ ಏರುತ್ತಿದ್ದರೆ, ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಹೆಪ್ಪುಗಟ್ಟಿದ್ದರೆ ಮನೋವೈದ್ಯರಿಗೆ ಹೇಳಿ. ಔಷಧವನ್ನು ಬದಲಿಸುವುದೋ ಪ್ರಮಾಣ ಇಳಿಸುವುದೋ ಅವರು ತೀರ್ಮಾನಿಸುತ್ತಾರೆ.

ಹೆಪ್ಪುಗಟ್ಟಿದ್ದು ಖಚಿತವಾದರೆ ರಕ್ತ ತೆಳುವಾಗಿಸುವ ಔಷಧವನ್ನು ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಕೊಡುತ್ತಾರೆ. ಮನಸ್ಸಿನ ಮಾತ್ರೆಯೂ ಅದರೊಂದಿಗೆ ನಡೆಯಬಹುದು. ಈ ಅವಧಿಯಲ್ಲಿ ನಮ್ಮಂಥವರ ಬಳಿ ಬಂದರೆ ಮೊದಲು ಆ ಔಷಧದ ಹೆಸರು ಹೇಳಿ. ಗುಗ್ಗುಳುವಿನ ಗುಳಿಗೆಗಳು, ಬೆಳ್ಳುಳ್ಳಿಯ ಕ್ಷೀರಪಾಕ, ಅರಿಶಿನದ ಸಾರದ ಮಾತ್ರೆಗಳು ಅದರೊಂದಿಗೆ ಸೇರಿ ರಕ್ತಸ್ರಾವಕ್ಕೆ ಎಡೆ ಮಾಡಬಹುದು. ಅಡುಗೆಯ ಚಿಟಿಕೆ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಕೊಟ್ಟಿರುವುದು ವಾರ್ಫರಿನ್ ಆಗಿದ್ದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನಕ್ಕೆ ಮಾಡಿಸಬೇಕು. ಸೊಪ್ಪಿನ ಸಾರನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಎಂಬಂತಾಗದೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಣ್ಣಬೇಕು.